ಕಬ್ಬಿಣ ಕಾದಾಗಲೇ ಉಜ್ಜು!

ಎಂಎಸ್ ಮಾಡಲು ಅಮೆರಿಕಕ್ಕೆ ಬಂದ ನನ್ನಂಥ ಅನೇಕರಿಗೆ ಇಲ್ಲಿ ಮೊದಲು ಸಿಗುವ ಕೆಲಸ ಸಾಫ್ಟ್‌ವೇರ್‌ನದ್ದಲ್ಲ, ಅಡುಗೆಮನೆಯದ್ದು. ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆವರೆಗೆ ದುಡಿಯಬಹುದು. ನನ್ನ ಪಾಲಿಗೆ ಬಂದದ್ದು ಡೈನಿಂಗ್ ಹಾಲ್‌ನ ಅಂಗಳದಲ್ಲಿರುವ ಗ್ಯಾಸ್ ಗ್ರಿಲ್. ಬರ್ಗರ್, ಚಿಕನ್, ಮೆಕ್ಕೆಜೋಳ ಸುಡುವವರು ಬೇರೆ. ಸುಟ್ಟಾದ ಮೇಲೆ ಅದರ ಜಾಲರಿ ಉಜ್ಜುವವನು ನಾನು.

‘ಇದಕ್ಕಾ ಇಂಜಿನಿಯರಿಂಗ್ ಓದಿದ್ದು?’ ಎಂದು ಊರಿನವರು ಕೇಳಬಹುದು. ಆದರೆ ಈ ಕೆಲಸಕ್ಕೂ ತನ್ನದೇ ಲೆಕ್ಕಾಚಾರವಿದೆ.

ಮೊದಲನೆಯದು ಸಮಯ. ಅಡುಗೆ ಮುಗಿದ ಕೂಡಲೇ ನಾವು ಗ್ಯಾಸ್ ಆರಿಸುವುದಿಲ್ಲ. ಮುಚ್ಚಳ ಹಾಕಿ, ಉರಿ ಜೋರು ಮಾಡಿ ಹತ್ತು–ಹದಿನೈದು ನಿಮಿಷ ಬಿಡುತ್ತೇವೆ. ಅಂಟಿಕೊಂಡ ಚೂರುಗಳು, ಜಿಡ್ಡು ಸುಟ್ಟು ಕರಕಲಾಗುತ್ತವೆ. ಆಮೇಲೆ ಗ್ಯಾಸ್ ಆರಿಸಿ, ಜಾಲರಿ ಬಿಸಿಯಾಗಿದ್ದಾಗಲೇ ಉದ್ದ ಹಿಡಿಕೆಯ ಬ್ರಷ್‌ನಲ್ಲಿ ಉಜ್ಜಿದರೆ ಎಲ್ಲವೂ ಸಲೀಸಾಗಿ ಉದುರುತ್ತದೆ. ‘ನಾಳೆ ನೋಡೋಣ’ ಎಂದರೆ ಜಿಡ್ಡು ಗಟ್ಟಿಯಾಗಿ ಕೂತು, ಹತ್ತು ನಿಮಿಷದ ಕೆಲಸ ಗಂಟೆ ಹಿಡಿಯುತ್ತದೆ.

ಎರಡನೆಯದು ಲೋಹದ ಗುಣ. ಬೀಡು ಕಬ್ಬಿಣದ ಜಾಲರಿ ನಮ್ಮ ದೋಸೆ ಕಾವಲಿಯ ಸೋದರ ಸಂಬಂಧಿ. ಸೋಪು ನೀರಲ್ಲಿ ರಾತ್ರಿಯಿಡೀ ನೆನೆಹಾಕಿದರೆ ತುಕ್ಕು ಖಚಿತ. ಉಜ್ಜಿದ ಮೇಲೆ ತೆಳುವಾಗಿ ಎಣ್ಣೆ ಸವರಬೇಕು. ಎಣ್ಣೆ ಕಾದು ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕೂತರೆ ತೇವ ತಾಗುವುದಿಲ್ಲ, ಆಹಾರವೂ ಅಂಟುವುದಿಲ್ಲ. ನಮ್ಮಜ್ಜಿ ಹೊಸ ಕಾವಲಿಯನ್ನು ‘ಪಳಗಿಸುವುದು’ ಎನ್ನುತ್ತಿದ್ದುದು ಇದಕ್ಕೇ. ಅವರು ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ತಿಕ್ಕುತ್ತಿದ್ದರು. ಇಲ್ಲಿಯೂ ಕೆಲವರು ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಜಾಲರಿಗೆ ತಿಕ್ಕುತ್ತಾರೆ! ಎನಾಮೆಲ್ ಲೇಪದ ಜಾಲರಿಯಾದರೆ ಲೋಹದ ಕೆರೆಕೋಲು ತಾಗಿಸಬಾರದು. ಲೇಪ ಚಕ್ಕೆ ಎದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಇಷ್ಟು ಉಪಚಾರ ಬೇಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸವೆದ ತಂತಿ ಬ್ರಷ್‌ನಿಂದ ಕೂದಲೆಳೆಯಷ್ಟು ತೆಳ್ಳಗಿನ ಎಳೆ ಕಳಚಿ ಜಾಲರಿಗೆ ಅಂಟಿಕೊಳ್ಳಬಹುದು. ಅಲ್ಲಿಂದ ಆಹಾರಕ್ಕೆ, ಆಹಾರದಿಂದ ಗಂಟಲಿಗೆ. ರೋಡ್ ಐಲ್ಯಾಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ 2011ರ ಮಾರ್ಚ್‌ನಿಂದ 2012ರ ಜೂನ್‌ವರೆಗೆ ಇಂಥ ಆರು ಪ್ರಕರಣಗಳನ್ನು ವೈದ್ಯರು ಗುರುತಿಸಿದ್ದರು. ಕೆಲವರಿಗೆ ಎಳೆ ಕತ್ತಿನ ಭಾಗದಲ್ಲಿ ಚುಚ್ಚಿಕೊಂಡಿತ್ತು, ಕೆಲವರ ಕರುಳನ್ನೇ ತೂತು ಮಾಡಿತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2012ರಲ್ಲಿ ಈ ವರದಿ ಪ್ರಕಟಿಸಿ ಜನರನ್ನು ಎಚ್ಚರಿಸಿತು. ಹಾಗಾಗಿ ನಾನು ಪ್ರತಿಸಲ ಬ್ರಷ್ ನೋಡುತ್ತೇನೆ. ಎಳೆ ಸಡಿಲವಾಗಿದ್ದರೆ ನೇರ ಕಸದ ಬುಟ್ಟಿಗೆ. ಜಾಲರಿ ತಣಿದ ಮೇಲೆ ಒದ್ದೆ ಬಟ್ಟೆಯಿಂದ ಒಂದೊಂದು ಕಂಬಿಯನ್ನೂ ಒರೆಸಿ, ನಂತರವೇ ಎಣ್ಣೆ. ಮರದ ಕೆರೆಕೋಲಾದರೆ ಈ ಭಯವೇ ಇಲ್ಲ.

ಜಾಲರಿಯ ಕೆಳಗೂ ಕಣ್ಣಿರಬೇಕು. ಬರ್ನರ್ ತೂತುಗಳು ಕಟ್ಟಿಕೊಂಡರೆ ಉರಿ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ. ಜಿಡ್ಡು ಸಂಗ್ರಹವಾಗುವ ತಟ್ಟೆ ತುಂಬಿದ್ದರೆ ಬೆಂಕಿ ಹತ್ತಿಕೊಳ್ಳುವ ಅಪಾಯ. ಹಾಗೇನಾದರೂ ಆದರೆ ನೀರು ಸುರಿಯಲೇಬಾರದು, ಜ್ವಾಲೆ ಇನ್ನಷ್ಟು ಹಬ್ಬುತ್ತದೆ. ಗ್ಯಾಸ್ ಬಂದ್ ಮಾಡಿ ಮುಚ್ಚಳ ಹಾಕಬೇಕು. ಮತ್ತೆ ಗ್ರಿಲ್ ಹಚ್ಚುವಾಗ ಮಾತ್ರ ಮುಚ್ಚಳ ತೆರೆದೇ ಇರಬೇಕು, ಇಲ್ಲವಾದರೆ ಒಳಗೆ ತುಂಬಿದ ಗ್ಯಾಸ್ ಒಮ್ಮೆಲೇ ಭಗ್ಗೆನ್ನುತ್ತದೆ.

ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಯಾರೂ ಜಾಲರಿಯನ್ನು ಬಗ್ಗಿ ನೋಡುವುದಿಲ್ಲ. ಯಾರೋ ಸರಿಯಾಗಿ ಉಜ್ಜಿರುತ್ತಾರೆ ಎಂದು ನಂಬಿ ತಿನ್ನುತ್ತಾರೆ, ಅಷ್ಟೆ. ಆ ‘ಯಾರೋ’ ನಾನು ಎಂಬುದು ಕೈಗೆ ಮಸಿ ಮೆತ್ತಿಕೊಂಡಾಗಲೆಲ್ಲ ನೆನಪಾಗುತ್ತದೆ. ಕೆಲಸ ಹುಡುಕುತ್ತಿರುವ ಗೆಳೆಯರೇ, ಮೊದಲು ಸಿಕ್ಕ ಕೆಲಸ ಚಿಕ್ಕದೆನಿಸಿದರೆ ಬೇಸರ ಬೇಡ. ನಮ್ಮನ್ನು ನಂಬಿ ಊಟ ಮಾಡುವವರಿಗೆ ಅದು ಚಿಕ್ಕದಲ್ಲ.