ಮೊಬೈಲ್ ಹಕೀಮರ ಸನದು ವಿಚಾರಿಸಿ

ಬಿಳಿ ಗಡ್ಡ, ಮೃದುವಾದ ದನಿ, ಹಿಂದೆ ಔಷಧಿ ಭರಣಿಗಳ ಸಾಲು. 'ನಲವತ್ತು ದಿನ ಕಲೋಂಜಿ ಎಣ್ಣೆ ಕುಡಿಯಿರಿ, ಇನ್ಸುಲಿನ್ ಬಿಸಾಡಿ' ಎನ್ನುವ ಇಂಥ ಹಕೀಮರ ವಿಡಿಯೋ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಆ ಹಕೀಮರು ಹುಟ್ಟಿಯೇ ಇಲ್ಲದಿರಬಹುದು. ಮುಖ, ದನಿ, ಭರಣಿ ಎಲ್ಲವನ್ನೂ ಈಗ ಕೃತಕ ಬುದ್ಧಿಮತ್ತೆಯೇ ತಯಾರಿಸಿಕೊಡುತ್ತದೆ. ನಿಜವಾದ ವೈದ್ಯರನ್ನೂ ಅದು ಬಿಟ್ಟಿಲ್ಲ. ಹೃದಯ ಶಸ್ತ್ರಚಿಕಿತ್ಸಕ ಡಾ. ನರೇಶ್ ತ್ರೆಹಾನ್ ಹೆಸರಿನ ನಕಲಿ ವಿಡಿಯೋಗಳನ್ನು ತೆಗೆಸಲು 2025ರಲ್ಲಿ ದೆಹಲಿ ಹೈಕೋರ್ಟ್ ಆದೇಶ ನೀಡಬೇಕಾಯಿತು.

ತುಟಿಯ ಚಲನೆ ನೋಡಿ ನಕಲಿಯನ್ನು ಗುರುತಿಸುವ ಕಾಲ ಮುಗಿಯುತ್ತಾ ಬಂದಿದೆ. ನಮ್ಮಲ್ಲಿ ಅದಕ್ಕಿಂತ ಹಳೆಯ, ಗಟ್ಟಿಯಾದ ಅಳತೆಗೋಲಿದೆ. ಹದೀಸ್ ವಿದ್ವಾಂಸರು ಮಾತಿನ ಸೊಗಸಿಗೆ ಮರುಳಾಗಲಿಲ್ಲ. ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ನಂಬಿಕಸ್ಥರೇ ಎಂದು ಸನದನ್ನು ವಿಚಾರಿಸಿದರು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ 6ನೇ ಸೂಕ್ತದ ಆದೇಶ ಫಾರ್ವರ್ಡ್ ಮಾಡುವ ಬೆರಳಿಗೂ ಅನ್ವಯಿಸುತ್ತದೆ.

ವೈದ್ಯನ ಸನದೆಂದರೆ ಅವನ ನೋಂದಣಿ. ಕರ್ನಾಟಕದಲ್ಲಿ ನಮ್ಮಂಥವರಿಗೆ ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿ ಇದೆ. ವಿಡಿಯೋದಲ್ಲಿ ಹೆಸರು, ಊರು, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಇದ್ದರೂ ಕದ್ದದ್ದಿರಬಹುದು, ಆ ವೈದ್ಯರ ದವಾಖಾನೆಗೇ ಫೋನ್ ಮಾಡಿ ಕೇಳಿ. ಅಂದಹಾಗೆ, ಮಧುಮೇಹ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ನೀಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ.

ಕಲೋಂಜಿಯ ಮೇಲೆ ನನ್ನ ತಕರಾರಿಲ್ಲ, ನಾನೂ ಬರೆದುಕೊಡುತ್ತೇನೆ. ಅದು ಸಕ್ಕರೆಯನ್ನು ತುಸು ಇಳಿಸಬಹುದು. ಹಾಗಾಗಿಯೇ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಆದರೆ ಇನ್ಸುಲಿನ್ ಉತ್ಪಾದನೆಯೇ ನಿಂತುಹೋದ ದೇಹಕ್ಕೆ ಯಾವ ಬೀಜವೂ ಇನ್ಸುಲಿನ್ ಆಗದು. ಇನ್ನು ಅಂಚೆಯಲ್ಲಿ ಬರುವ 'ಕುಶ್ತಾ' ಡಬ್ಬಿಗಳ ಬಗ್ಗೆ ನನಗೆ ನಿಜಕ್ಕೂ ಭಯವಿದೆ. ಶಿಂಗ್ರಫ್‌ನಲ್ಲಿ ಪಾದರಸವಿದೆ, ಸಮ್ಮುಲ್‌ಫಾರ್ ಎಂದರೆ ಪಾಷಾಣ. ಇವುಗಳ ಸಂಸ್ಕಾರ, ಅಳತೆ ತಪ್ಪಿದರೆ ಮೂತ್ರಪಿಂಡ ಹಾಳಾದೀತು. ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಮುಚ್ಚಳವನ್ನೇ ತೆರೆಯಬೇಡಿ.

ನಿಮ್ಮ ಮನೆಯಲ್ಲಿ ಯಾರಾದರೂ ವಿಡಿಯೋ ನಂಬಿ ಈಗಾಗಲೇ ಇನ್ಸುಲಿನ್ ನಿಲ್ಲಿಸಿದ್ದಾರೆಯೇ? ಬೈಯಬೇಡಿ, ಬೈದರೆ ಮುಚ್ಚಿಡುತ್ತಾರೆ. ಇವತ್ತೇ ಸಕ್ಕರೆ ಪರೀಕ್ಷಿಸಿ ಅವರ ವೈದ್ಯರಿಗೆ ತಿಳಿಸಿ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಕಂಡರೆ ನನ್ನಂಥವರ ದವಾಖಾನೆಗೂ ಬರಬೇಡಿ, ನೇರವಾಗಿ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ಕುಡಿಸಿದ ಬಾಟಲಿಯನ್ನೂ ಜೊತೆಗೊಯ್ಯಿರಿ.