ಹಳೆಯ ಅಕ್ಕಿ ಗಿರಣಿಗೆ ಮರುಜೀವ

ಭತ್ತ ಬೆಳೆಯುವ ಊರುಗಳಲ್ಲಿ ಹೆಂಚಿನ ಮಾಡಿನ, ತೌಡಿನ ವಾಸನೆಯ ಹಳೆಯ ಗಿರಣಿಯನ್ನು ನೀವು ನೋಡಿರಬಹುದು. ಇಂಥ ಗಿರಣಿಯನ್ನು ಮತ್ತೆ ನಡೆಸಬೇಕೆಂದರೆ ಅದರಲ್ಲಿ ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು?

ಗಿರಣಿಯ ಹೃದಯ 'ಹಲ್ಲರ್' ಯಂತ್ರ. ಬ್ರೆಜಿಲಿನ ಎಂಜಿನಿಯರ್ ಎವಾರಿಸ್ತೊ ಕಾನ್ರಾಡೊ ಎಂಗೆಲ್‌ಬರ್ಗ್ 1885ರಲ್ಲಿ ಇದನ್ನು ರೂಪಿಸಿದ. ಒನಕೆ, ಒರಳುಗಳ ಕೆಲಸವನ್ನು ಇದು ಬಲುಬೇಗ ಮುಗಿಸುತ್ತಿತ್ತು. ಕೈಕುಟ್ಟಿನ ಅಕ್ಕಿಯ ಕಸುಬನ್ನು ರಕ್ಷಿಸಲೆಂದೇ ಭಾರತದಲ್ಲಿ 1958ರಲ್ಲಿ ಗಿರಣಿಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾಯಿದೆ ಬಂತು. ಅದು ರದ್ದಾದದ್ದು 1997ರಲ್ಲಿ.

ಹಲ್ಲರಿನ ಒಳಗೆ ಏಣುಗಳಿರುವ ಎರಕದ ಕಬ್ಬಿಣದ ಉರುಳೆ ತಿರುಗುತ್ತದೆ. ಅದರ ಕೆಳಗೆ ಸೀಳುಗಳಿರುವ ಜರಡಿ, ಪಕ್ಕದಲ್ಲಿ ಒಂದು ಅಲಗು. ಇವುಗಳ ನಡುವೆ ಸಿಕ್ಕಿದ ಕಾಳುಗಳು ಒಂದಕ್ಕೊಂದು ಉಜ್ಜಿಕೊಂಡು ಹೊಟ್ಟು, ತೌಡು ಎರಡನ್ನೂ ಒಟ್ಟಿಗೇ ಕಳೆದುಕೊಳ್ಳುತ್ತವೆ. ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಕಬ್ಬಿಣವೂ ಸವೆಯುತ್ತದೆ. ಆದ್ದರಿಂದ ದುರಸ್ತಿಯಲ್ಲಿ ಮೊದಲು ಪರೀಕ್ಷಿಸಬೇಕಾದವು ಉರುಳೆಯ ಏಣುಗಳು ಮತ್ತು ಜರಡಿ.

ಎಂಜಿನ್ನಿನ ಶಕ್ತಿ ಹಲ್ಲರಿಗೆ ತಲುಪುವುದು ಉದ್ದನೆಯ ದಂಡ, ಪುಲ್ಲಿ ಮತ್ತು ಚಪ್ಪಟೆ ಪಟ್ಟಿಗಳ ಮೂಲಕ. ನಿಮಿಷಕ್ಕೆ 650 ಸುತ್ತು ತಿರುಗುವ ಎಂಜಿನ್ನಿಗೆ 30 ಸೆಂ.ಮೀ. ವ್ಯಾಸದ ಪುಲ್ಲಿ ಇದೆ ಎಂದುಕೊಳ್ಳಿ. ದಂಡದ ಪುಲ್ಲಿ 75 ಸೆಂ.ಮೀ. ಇದ್ದರೆ ದಂಡ ನಿಮಿಷಕ್ಕೆ 260 ಸುತ್ತು ತಿರುಗುತ್ತದೆ (650 × 30 ÷ 75). ಪುಲ್ಲಿಯ ಅಳತೆ ಬದಲಾದರೆ ಹಲ್ಲರಿನ ವೇಗವೂ ಬದಲಾಗುತ್ತದೆ. ಆದ್ದರಿಂದ ಯಂತ್ರವನ್ನು ಬಿಚ್ಚುವ ಮೊದಲೇ ಎಲ್ಲ ಅಳತೆಗಳನ್ನೂ ಬರೆದಿಟ್ಟುಕೊಳ್ಳಬೇಕು, ಚಿತ್ರ ತೆಗೆಯಬೇಕು.

ಪುಲ್ಲಿಯ ಮೇಲ್ಮೈಯನ್ನೂ ಗಮನಿಸಿ. ಸಾಮಾನ್ಯವಾಗಿ ಅದು ನಡುವೆ ತುಸು ಉಬ್ಬಿರುತ್ತದೆ. ಪಕ್ಕಕ್ಕೆ ಸರಿದ ಪಟ್ಟಿ ತಾನಾಗಿಯೇ ಉಬ್ಬಿನ ಕಡೆಗೆ ಮರಳುತ್ತದೆ. ತುಕ್ಕು ತೆಗೆಯುವ ಭರದಲ್ಲಿ ಲೇತ್ ಯಂತ್ರಕ್ಕೆ ಕೊಟ್ಟು ಈ ಉಬ್ಬನ್ನು ಸಪಾಟು ಮಾಡಿಸಿದರೆ ಪಟ್ಟಿ ಪದೇ ಪದೇ ಜಾರಿ ಬೀಳುತ್ತದೆ. ಹಳೆಯ ಗಿರಣಿಗಳಲ್ಲಿ ಪಟ್ಟಿಗಳಿಗೆ ಮರೆ ಇರುತ್ತಿದ್ದುದು ಅಪರೂಪ. ಈಗ ಕಂಬಿಬಲೆಯ ರಕ್ಷಣೆ ಇರಲೇಬೇಕು.

ಇನ್ನು ಬದಲಿಸಬೇಕಾದದ್ದೇನು? 100 ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಹೊಟ್ಟು, 8ರಿಂದ 10 ಕಿಲೋ ತೌಡು ಇರುತ್ತದೆ. ಉಳಿದ ಸುಮಾರು 70 ಕಿಲೋ ಅಕ್ಕಿಯಾಗಿ ಸಿಗಬೇಕು. ಆದರೆ ಹಲ್ಲರಿನಲ್ಲಿ ಬೆಳ್ತಿಗೆ ಅಕ್ಕಿ ಮಾಡಿದಾಗ ಕೈಗೆ ಬರುವುದು ಕೆಲವೊಮ್ಮೆ 55 ಕಿಲೋ ಮಾತ್ರ, ಅದರಲ್ಲೂ ನುಚ್ಚೇ ಹೆಚ್ಚು. ಪುಡಿಯಾದ ಹೊಟ್ಟು ತೌಡಿನೊಂದಿಗೆ ಬೆರೆಯುವುದರಿಂದ ಎಣ್ಣೆ ತೆಗೆಯಲು ಬೇಕಾದ ಶುದ್ಧ ತೌಡೂ ದೊರೆಯದು. ಭತ್ತವನ್ನು ಬೇಯಿಸಿ ಒಣಗಿಸಿದಾಗ ಕಾಳು ಗಟ್ಟಿಯಾಗುವುದರಿಂದ ಕುಚ್ಚಲಕ್ಕಿಯಲ್ಲಿ ನುಚ್ಚು ಕಡಿಮೆ.

ಈ ನಷ್ಟವನ್ನು ತಪ್ಪಿಸಲು ನಡುದಾರಿಯೊಂದಿದೆ. ಹಲ್ಲರಿನ ಮುಂದೆ ರಬ್ಬರ್ ಉರುಳೆಗಳ ಯಂತ್ರವನ್ನು ಜೋಡಿಸುವುದು. ಬೇರೆ ಬೇರೆ ವೇಗದಲ್ಲಿ, ಎದುರು ದಿಕ್ಕಿಗೆ ತಿರುಗುವ ಎರಡು ಉರುಳೆಗಳು ಹೊಟ್ಟನ್ನಷ್ಟೇ ಸುಲಿಯುತ್ತವೆ. ಗಾಳಿ ಹಾಯಿಸಿ ಹೊಟ್ಟನ್ನು ಬೇರ್ಪಡಿಸಿದ ಮೇಲೆ ಹಲ್ಲರಿಗೆ ಉಳಿಯುವುದು ಪಾಲಿಷ್ ಮಾಡುವ ಕೆಲಸ ಮಾತ್ರ. ಅದನ್ನೂ ಹಿತಮಿತವಾಗಿ ಮಾಡಬೇಕು. ಪಾಲಿಷ್ ಹೆಚ್ಚಾದಷ್ಟೂ ತೌಡಿನೊಂದಿಗೆ ಬಿ1 ಜೀವಸತ್ವ ಹೊರಟುಹೋಗುತ್ತದೆ. ಅದರ ಕೊರತೆಯಿಂದ ಬರುವ ಬೆರಿಬೆರಿ ರೋಗಕ್ಕೂ ಪಾಲಿಷ್ ಅಕ್ಕಿಗೂ ಇರುವ ನಂಟಿನ ಸುಳಿವು ಹಿಡಿದ ಕ್ರಿಸ್ಟಿಯಾನ್ ಐಕ್‌ಮನ್‌ಗೆ 1929ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ನಿಮ್ಮೂರಿನಲ್ಲಿ ಹಲ್ಲರ್ ಇನ್ನೂ ನಡೆಯುತ್ತಿದ್ದರೆ ವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋಗಿ. 10 ಕಿಲೋ ಭತ್ತ ತೂಗಿ ಹಾಕಿಸಿ, ಇಡಿ ಅಕ್ಕಿ, ನುಚ್ಚು, ತೌಡುಮಿಶ್ರಿತ ಹೊಟ್ಟುಗಳನ್ನು ಬೇರೆ ಬೇರೆಯಾಗಿ ತೂಗಿ ನೋಡಿ. ಯಂತ್ರವನ್ನು ಉಳಿಸೋಣ, ಅದರ ಜತೆಗಿದ್ದ ನಷ್ಟವನ್ನೂ ಉಳಿಸಿಕೊಳ್ಳಬೇಕಾಗಿಲ್ಲ.