ಬಾಯ್ಲರಿಗೂ ಒಂದು ಹದ ಬೇಕು: ಕಾರ್ಖಾನೆಯ ‘ಟ್ಯೂನಿಂಗ್’ ಎಂದರೇನು?

ಸಾಸ್ತೂರ: ದೀಪಾವಳಿ ಮುಗಿಯುತ್ತಿದ್ದಂತೆ ಲೋಹಾರಾ, ಉಮರಗಾ, ನಿಲಂಗಾ ತಾಲೂಕುಗಳ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಮುರುಮದ ವಿಠ್ಠಲಸಾಯಿ, ಗಡಿ ಆಚೆ ಹಳ್ಳಿಖೇಡದ ಬೀದರ ಸಹಕಾರಿ, ಭಾಲ್ಕಿ ತಾಲೂಕಿನ ಹುಂಜಿಯ ಮಹಾತ್ಮಾ ಗಾಂಧಿ ಕಾರ್ಖಾನೆ, ಇವು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಹೆಸರುಗಳು. ಹಂಗಾಮಿನಲ್ಲಿ ರೈತ ಹೆದರುವ ಮಾತು ಒಂದೇ: “ಕಾರ್ಖಾನಿ ಬಂದ್ ಬಿದ್ದದ.” ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ. ತೂಕವೂ ಹೋಗುತ್ತದೆ, ಒಳಗಿನ ಸಕ್ಕರೆಯೂ ಕೆಡುತ್ತದೆ.

ಯಾವುದೇ ಕಾರ್ಖಾನೆ ನಿಲ್ಲಲು ಕಾರಣ ಹಲವು. ಕಬ್ಬು ಸಾಲದಿರಬಹುದು, ಗಾಣದ ರೋಲರ್ ಕೆಟ್ಟಿರಬಹುದು, ಬಾಯ್ಲರಿನ ಕೊಳವೆ ಸೋರಿರಬಹುದು. ಇವೆಲ್ಲ ಕಣ್ಣಿಗೆ ಕಾಣುತ್ತವೆ. ಕಣ್ಣಿಗೆ ಕಾಣದ ಕಾರಣವೂ ಒಂದಿದೆ. ಅದು ಹದ ತಪ್ಪಿದ ಕಂಟ್ರೋಲರ್.

ಕಂಟ್ರೋಲರ್ ಮಾಡುವುದೇನು?

ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಮುಂದೆ ನಿಂತವನನ್ನು ನೆನಪಿಸಿಕೊಳ್ಳಿ. ಮರಾಠಿಯಲ್ಲಿ ಅವನಿಗೆ ‘ಗುಳವ್ಯಾ’ ಎನ್ನುತ್ತಾರೆ. ಪಾಕ ನೋಡುತ್ತಾನೆ, ಒಲೆಗೆ ಸಿಪ್ಪೆ ಹೆಚ್ಚು ಕಡಿಮೆ ಮಾಡಿಸುತ್ತಾನೆ. ಕಾರ್ಖಾನೆಯಲ್ಲಿ ಇದೇ ಕೆಲಸವನ್ನು ಕಂಟ್ರೋಲರ್ ಮಾಡುತ್ತದೆ. ಮಾಪಕ ಹೇಳಿದ ಅಂಕಿ ನೋಡುತ್ತದೆ, ಬೇಕಾದ ಅಂಕಿಗೆ ಹೋಲಿಸುತ್ತದೆ, ವಾಲ್ವನ್ನು ತೆರೆಯುತ್ತದೆ ಇಲ್ಲವೆ ಮುಚ್ಚುತ್ತದೆ.

ಅದರೊಳಗೆ ಮೂರು ಗುಣಗಳಿವೆ: ಪಿ, ಐ, ಡಿ. ‘ಪಿ’ ಈಗಿನ ವ್ಯತ್ಯಾಸ ನೋಡುತ್ತದೆ. ವ್ಯತ್ಯಾಸ ಎಷ್ಟೋ ಅಷ್ಟು ವಾಲ್ವು ತಿರುಗಿಸುತ್ತದೆ. ‘ಐ’ ಹಳೆಯ ಬಾಕಿ ಕೂಡಿಸುತ್ತ ಹೋಗುತ್ತದೆ. ಸಾಹುಕಾರನ ಖಾತೆಯಂತೆ, ಬಾಕಿ ತೀರುವತನಕ ಬಿಡುವುದಿಲ್ಲ. ‘ಡಿ’ ಏರುವ, ಇಳಿಯುವ ವೇಗ ನೋಡಿ ಮುಂಚೆಯೇ ಕೈ ಹಾಕುತ್ತದೆ. ಈ ಮೂರಕ್ಕೂ ಸರಿಯಾದ ಅಂಕಿ ಕೊಡುವುದೇ ಟ್ಯೂನಿಂಗ್.

ಇದು ಹೊಸ ವಿದ್ಯೆಯಲ್ಲ. ಹಡಗಿನ ಚುಕ್ಕಾಣಿಯ ಬಗ್ಗೆ ನಿಕೋಲಸ್ ಮಿನೋರ್ಸ್ಕಿ ಎಂಬವರು 1922ರಲ್ಲೇ ಈ ಮೂರು ಗುಣಗಳ ಲೆಕ್ಕ ಬರೆದಿದ್ದರು. ಅಮೆರಿಕದ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿಯ ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಟ್ಯೂನಿಂಗಿಗೆ ಸುಲಭ ಸೂತ್ರ ಕೊಟ್ಟರು. ಇಂದಿಗೂ ಅದನ್ನು ಕಲಿಸುತ್ತಾರೆ.

ಅವಸರ ಮಾಡಿದರೆ ಏನಾಗುತ್ತದೆ?

ಕಂಟ್ರೋಲರ್ ಚುರುಕಾದಷ್ಟೂ ಒಳ್ಳೆಯದು ಎಂದು ಅನೇಕರ ತಿಳಿವಳಿಕೆ. ಹಾಗಲ್ಲ. ಬಾಯ್ಲರನ್ನೇ ನೋಡಿ. ಮೇಲಿನ ಡ್ರಮ್ಮಿನಲ್ಲಿ ನೀರಿನ ಮಟ್ಟ ಒಂದು ಮಿತಿಯಲ್ಲಿ ನಿಲ್ಲಬೇಕು. ಕಡಿಮೆಯಾದರೆ ಕೊಳವೆಗಳು ಸುಡುತ್ತವೆ. ಹೆಚ್ಚಾದರೆ ಹಬೆಯ ಜೊತೆ ನೀರಿನ ಹನಿ ಹೋಗಿ ಟರ್ಬೈನಿನ ರೆಕ್ಕೆಗೆ ಪೆಟ್ಟು.

ಗಾಣ ಒಮ್ಮೆಲೇ ಹೆಚ್ಚು ಹಬೆ ಎಳೆಯಿತೆನ್ನಿ. ಡ್ರಮ್ಮಿನ ಒತ್ತಡ ಇಳಿಯುತ್ತದೆ, ನೀರೊಳಗಿನ ಗುಳ್ಳೆಗಳು ಹಿಗ್ಗುತ್ತವೆ. ಹಾಲು ಉಕ್ಕಿದಂತೆ ಮಟ್ಟ ಮೇಲೇರುತ್ತದೆ. ನಿಜವಾಗಿ ನೀರು ಕಡಿಮೆಯಾಗುತ್ತಿದೆ, ಮಾಪಕ ಮಾತ್ರ ಹೆಚ್ಚಾಗಿದೆ ಎನ್ನುತ್ತದೆ! ಅವಸರದ ಕಂಟ್ರೋಲರ್ ಇದನ್ನು ನಂಬಿ ನೀರು ಕಡಿತ ಮಾಡುತ್ತದೆ. ಗುಳ್ಳೆ ಕುಗ್ಗಿದಾಗ ಮಟ್ಟ ಸರ್ರನೆ ಇಳಿಯುತ್ತದೆ. ಆಗ ಗಾಬರಿಯಿಂದ ನೀರು ಬಿಡುತ್ತದೆ. ಹೀಗೆ ಜೋಕಾಲಿ ಆಡುತ್ತ ಬಾಯ್ಲರ್ ಟ್ರಿಪ್ ಆಗುತ್ತದೆ. ಅದಕ್ಕೆಂದೇ ದೊಡ್ಡ ಬಾಯ್ಲರುಗಳಲ್ಲಿ ಮಟ್ಟದ ಜೊತೆಗೆ ಹೊರಗೆ ಹೋಗುವ ಹಬೆ, ಒಳಗೆ ಬರುವ ನೀರು, ಈ ಮೂರನ್ನೂ ನೋಡುವ ವ್ಯವಸ್ಥೆ ಇಡುತ್ತಾರೆ.

ಎರಡನೆಯದು ಕಬ್ಬಿನ ರಸದ ಪಿಎಚ್. ರಸಕ್ಕೆ ಸುಣ್ಣದ ಹಾಲು, ಗಂಧಕದ ಹೊಗೆ ಕೊಟ್ಟು ಪಿಎಚ್ 7ರ ಆಸುಪಾಸಿಗೆ ತರಬೇಕು. ಅದಕ್ಕಿಂತ ಇಳಿದರೆ, ಕಾಯಿಸುವಾಗ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದು ಹರಳಾಗುವುದಿಲ್ಲ, ಕಾಕಂಬಿಗೆ ಹೋಗುತ್ತದೆ. ಏರಿದರೆ ಬಣ್ಣ ಕೆಡುತ್ತದೆ, ಪಾತ್ರೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. 7ರ ಹತ್ತಿರ ಸುಣ್ಣ ಸ್ವಲ್ಪ ಹೆಚ್ಚಾದರೂ ಪಿಎಚ್ ಬಹಳ ಜಿಗಿಯುವುದರಿಂದ ಇಲ್ಲಿ ಕಂಟ್ರೋಲರ್ ನಿಧಾನವಾಗಿರಬೇಕು.

ಇದರಲ್ಲಿ ರೈತನದೇನು ಎನ್ನುತ್ತೀರಾ? ಕಬ್ಬಿನ ಎಫ್‌ಆರ್‌ಪಿ ದರಕ್ಕೆ ರಿಕವರಿಯೇ ಆಧಾರ. ಮರಾಠಿಯಲ್ಲಿ ನಾವು ‘ಉತಾರಾ’ ಎನ್ನುವುದು ಇದನ್ನೇ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಶೇ. 10.25 ರಿಕವರಿಗೆ ಕ್ವಿಂಟಲಿಗೆ 355 ರೂ. ನಿಗದಿ ಮಾಡಿತು. ರಿಕವರಿ ಏರಿದರೆ ದರ ಏರುತ್ತದೆ. ರಸದಲ್ಲಿ ಕಳೆದ ಸಕ್ಕರೆ ಉತಾರಿಯಲ್ಲಿ ಬರುವುದಿಲ್ಲ!

ಹದ ಹಚ್ಚುವುದು ಹೇಗೆ?

ಮೊದಲು ಅಂಕಿಗೆ ಕೈ ಹಚ್ಚಬಾರದು. ವಾಲ್ವು ಹಿಡಿದುಕೊಳ್ಳುತ್ತಿದೆಯೇ, ಮಾಪಕ ಸರಿ ಹೇಳುತ್ತಿದೆಯೇ ನೋಡಬೇಕು. ಹಿಡಿದುಕೊಳ್ಳುವ ವಾಲ್ವು ಇದ್ದರೆ ಎಂಥ ಅಂಕಿ ಕೊಟ್ಟರೂ ಜೋಕಾಲಿ ನಿಲ್ಲದು. ಕುಂಟು ಎತ್ತಿಗೆ ಬಾರುಕೋಲು ಬದಲಿಸಿ ಫಲವಿಲ್ಲ.

ಆಮೇಲೆ ಯಂತ್ರದ ಸ್ವಭಾವ ತಿಳಿಯಬೇಕು. ಒಂದು ಲೆಕ್ಕ ನೋಡೋಣ. ರಸದ ಹೀಟರಿನ ಕಂಟ್ರೋಲರನ್ನು ಮ್ಯಾನ್ಯುಅಲ್‌ಗೆ ಹಾಕಿ, ಹಬೆಯ ವಾಲ್ವನ್ನು ಶೇ. 50ರಿಂದ 55ಕ್ಕೆ ತೆರೆದೆವೆನ್ನಿ. 20 ಸೆಕೆಂಡು ಏನೂ ಆಗಲಿಲ್ಲ. ನಂತರ ಉಷ್ಣತೆ ಏರತೊಡಗಿ, ಕೊನೆಗೆ 6 ಡಿಗ್ರಿ ಹೆಚ್ಚಾಗಿ ನಿಂತಿತು. ಆ ಏರಿಕೆಯ ಶೇ. 63 ಭಾಗ ಮುಗಿಯಲು 60 ಸೆಕೆಂಡು ಹಿಡಿಯಿತು. ಮಾಪಕದ ವ್ಯಾಪ್ತಿ 0ಯಿಂದ 150 ಡಿಗ್ರಿ ಇದ್ದರೆ 6 ಡಿಗ್ರಿ ಎಂದರೆ ಶೇ. 4. ವಾಲ್ವು ಶೇ. 5 ತೆರೆದದ್ದಕ್ಕೆ ಉತ್ತರ ಶೇ. 4, ಅಂದರೆ 0.8.

ಈಗ 60ನ್ನು, 60 ಮತ್ತು 20ರ ಮೊತ್ತವಾದ 80ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಭಾಗಿಸಿದರೆ ಸುಮಾರು 0.9. ಇದು ‘ಪಿ’. ‘ಐ’ಗೆ 60 ಸೆಕೆಂಡು. ‘ಡಿ’ ಸದ್ಯಕ್ಕೆ ಬೇಡ. ಇದು ನಿಧಾನದ, ಜೋಕಾಲಿ ಆಡದ ಹದ. ಜೀಗ್ಲರ್-ನಿಕೋಲ್ಸ್ ಸೂತ್ರ ಇದಕ್ಕಿಂತ ಬಿರುಸು. ‘ಪಿ’ಯನ್ನು ಏರಿಸುತ್ತ ಯಂತ್ರವನ್ನು ಬೇಕೆಂದೇ ಜೋಕಾಲಿ ಆಡಿಸುವ ಆ ಪ್ರಯೋಗವನ್ನು ನಡೆಯುತ್ತಿರುವ ಬಾಯ್ಲರಿನ ಮೇಲೆ ಮಾಡುವಂತಿಲ್ಲ.

ಇನ್ನೊಂದು ಎಚ್ಚರ. ಕೆಲವು ಕಂಟ್ರೋಲರುಗಳು ‘ಐ’ಯನ್ನು ಸೆಕೆಂಡಿನಲ್ಲಿ ಕೇಳುತ್ತವೆ, ಕೆಲವು ನಿಮಿಷದಲ್ಲಿ. ಕೆಲವಕ್ಕೆ ‘ಪಿ’ಯ ಅಂಕಿ ದೊಡ್ಡದಾದಷ್ಟೂ ಬಿರುಸು, ಕೆಲವಕ್ಕೆ ದೊಡ್ಡದಾದಷ್ಟೂ ಮೆತ್ತಗೆ. ಹಳೆಯದನ್ನು ತೆಗೆದು ಹೊಸದು ಕೂಡಿಸುವಾಗ ಅವೇ ಅಂಕಿ ನಕಲು ಮಾಡಿದರೆ ಕೆಲಸ ಕೆಟ್ಟಿತು.

ಐಟಿಐ ಕಲಿತು ಕಾರ್ಖಾನೆ ಸೇರಿದ ನಮ್ಮ ಹುಡುಗರಿಗೆ ಇಷ್ಟು ನೆನಪಿರಲಿ. ಹಳೆಯ ಅಂಕಿ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಿಸಿ, ಪರಿಣಾಮ ಕಾಣುವತನಕ ಕಾಯಿರಿ. ತಾರೀಖು ಹಾಕಿ ಲಾಗ್‌ಬುಕ್ಕಿನಲ್ಲಿ ಬರೆಯಿರಿ. ನೀರು ಕಡಿಮೆಯಾದಾಗ ಬಾಯ್ಲರ್ ನಿಲ್ಲಿಸುವ ಟ್ರಿಪ್‌ಅನ್ನು ಯಾರು ಹೇಳಿದರೂ ಬೈಪಾಸ್ ಮಾಡಬೇಡಿ. ಕಾರ್ಖಾನೆಗಿಂತ ಜೀವ ದೊಡ್ಡದು.

ಜೋಕಾಲಿಗೆ ಬೇಸತ್ತ ಆಪರೇಟರ್ ಕಂಟ್ರೋಲರನ್ನು ಮ್ಯಾನ್ಯುಅಲ್‌ಗೆ ಹಾಕಿ ಕೈಯಿಂದಲೇ ನಡೆಸುವುದು ಎಲ್ಲ ಉದ್ಯಮಗಳಲ್ಲೂ ಇರುವ ರೂಢಿ. ಹಾಗೆ ನಡೆದರೆ ಲಕ್ಷಗಟ್ಟಲೆ ಕೊಟ್ಟು ತಂದ ಯಂತ್ರ ಗೋಡೆಯ ಅಲಂಕಾರ ಅಷ್ಟೆ. ಸಹಕಾರಿ ಕಾರ್ಖಾನೆಯ ಸಭಾಸದರು ವಾರ್ಷಿಕ ಸಭೆಯಲ್ಲಿ ದರ ಕೇಳುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬಹುದು: ಈ ಹಂಗಾಮಿನಲ್ಲಿ ಬಾಯ್ಲರ್ ಎಷ್ಟು ಸಲ ಟ್ರಿಪ್ ಆಯಿತು? ಎಷ್ಟು ಕಂಟ್ರೋಲರುಗಳು ಆಟೋದಲ್ಲಿ ನಡೆದಿವೆ? ಉತ್ತರ ಮರಾಠಿಯಲ್ಲಿ ಬಂದರೂ ಆದೀತು, ಕನ್ನಡದಲ್ಲಿ ಬಂದರೂ ಆದೀತು. ಅಂಕಿ ಬರಬೇಕು.